ಹಲ್ಲಿನ ರಚನೆ ಮತ್ತು ದಂತ ಚಿಕಿತ್ಸೆಯ ಪದಗಳು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿಬಂದ ಗ್ರಾಮಸ್ಥರು ಅಲ್ಲಿ ಕೊಟ್ಟ ಚೀಟಿಯನ್ನು ಸದಸ್ಯರ ಮುಂದಿಟ್ಟು, ಇದರಲ್ಲಿ ಏನು ಬರೆದಿದ್ದಾರೆ ಎಂದು ಕೇಳುವುದು ಅಪರೂಪವಲ್ಲ. ಅಂತಹ ಚೀಟಿಗಳಲ್ಲಿ ಮತ್ತೆ ಮತ್ತೆ ಬರುವ ಪದಗಳು ಹತ್ತು ಹದಿನೈದನ್ನು ಮೀರುವುದಿಲ್ಲ. ಅವುಗಳನ್ನು ಅರಿತರೆ ರೋಗವು ಹಲ್ಲಿನ ಯಾವ ಆಳಕ್ಕೆ ಇಳಿದಿದೆ, ಹಲ್ಲನ್ನು ಉಳಿಸಿಕೊಳ್ಳುವ ಕಾಲ ಇನ್ನೂ ಇದೆಯೇ ಎಂಬುದು ಸ್ಪಷ್ಟವಾಗುತ್ತದೆ. ಚಿಕಿತ್ಸೆಯನ್ನು ನಿರ್ಧರಿಸುವವರು ವೈದ್ಯರೇ. ಅದನ್ನು ಅರ್ಧಕ್ಕೆ ಬಿಡದಂತೆ ತಿಳಿಹೇಳುವ ಕೆಲಸವನ್ನು ಸದಸ್ಯರು ಮಾಡಬಲ್ಲರು.

ಹಲ್ಲಿನಲ್ಲಿ ಕಣ್ಣಿಗೆ ಕಾಣುವ ಭಾಗಕ್ಕೆ ಕಿರೀಟ ಎಂದೂ, ದವಡೆಯ ಮೂಳೆಯಲ್ಲಿ ಹುದುಗಿರುವ ಭಾಗಕ್ಕೆ ಬೇರು ಎಂದೂ ಹೆಸರು. ಕಿರೀಟದ ಹೊರಪದರವೇ ಎನಾಮಲ್. ಮಾನವ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ; ಆದರೆ ಇದರಲ್ಲಿ ಜೀವಕೋಶಗಳಿಲ್ಲದ ಕಾರಣ ಒಮ್ಮೆ ನಾಶವಾದದ್ದು ಮತ್ತೆ ಬೆಳೆಯದು. ಅದರ ಒಳಗಿನ ಪದರ ಡೆಂಟಿನ್. ಇದರ ತುಂಬ ಅತಿ ಸೂಕ್ಷ್ಮವಾದ ನಳಿಕೆಗಳಿವೆ. ಎನಾಮಲ್ ಸವೆದು ಡೆಂಟಿನ್ ತೆರೆದುಕೊಂಡಾಗಲೇ ತಣ್ಣೀರಿಗೆ ಹಲ್ಲು ಜುಮ್ಮೆನ್ನುವುದು. ಎಲ್ಲಕ್ಕಿಂತ ಒಳಗೆ ಪಲ್ಪ್, ಅಂದರೆ ದಂತಮಜ್ಜೆ ಇದೆ. ನರ ಮತ್ತು ರಕ್ತನಾಳಗಳು ಬೇರಿನ ತುದಿಯ ಕಿರುರಂಧ್ರದ ಮೂಲಕ ಇಲ್ಲಿಗೆ ಬಂದು ಸೇರುತ್ತವೆ. ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಜೀವಂತ ನಾರುಗಳು ಅದನ್ನು ಮೂಳೆಗೆ ಕಟ್ಟಿ ಹಿಡಿದಿರುತ್ತವೆ.

ಈ ನಾರುಗಳ ಸಂಗತಿಯನ್ನು ಶಾಲಾ ಶಿಕ್ಷಕರಿಗೂ ತಿಳಿಸುವುದು ಒಳಿತು. ಆಟದಲ್ಲಿ ಬಿದ್ದ ಮಗುವಿನ ಶಾಶ್ವತ ಹಲ್ಲು ಬೇರುಸಹಿತ ಕಳಚಿಬಂದರೆ, ಅದನ್ನು ಕಿರೀಟದ ಭಾಗದಲ್ಲಿ ಮಾತ್ರ ಹಿಡಿಯಬೇಕು. ಬೇರನ್ನು ಮುಟ್ಟಬಾರದು, ಉಜ್ಜಬಾರದು. ಹಲ್ಲನ್ನು ಹಾಲಿನಲ್ಲಿ ಹಾಕಿಕೊಂಡು, ಸಾಧ್ಯವಾದರೆ ಅರ್ಧ ಗಂಟೆಯೊಳಗೆ, ದಂತವೈದ್ಯರ ಬಳಿ ಮಗುವನ್ನು ಕರೆದೊಯ್ದರೆ ಅದೇ ಹಲ್ಲನ್ನು ಮತ್ತೆ ಕೂರಿಸುವ ಸಾಧ್ಯತೆಯಿದೆ. ಹಾಲುಹಲ್ಲನ್ನು ಹೀಗೆ ಮರಳಿ ಕೂರಿಸುವುದಿಲ್ಲ.

ಹಾಲುಹಲ್ಲುಗಳು 20, ಶಾಶ್ವತ ಹಲ್ಲುಗಳು 32. ಮುಂಭಾಗದಲ್ಲಿ ಬಾಚಿಹಲ್ಲು, ಅದರ ಪಕ್ಕದಲ್ಲಿ ಕೋರೆಹಲ್ಲು, ಹಿಂದೆ ದವಡೆ ಹಲ್ಲುಗಳು ಎಂಬುದು ಎಲ್ಲರಿಗೂ ತಿಳಿದದ್ದೇ. ಚೀಟಿಯಲ್ಲಿ ಈ ಹೆಸರುಗಳ ಬದಲು ಹೆಚ್ಚಾಗಿ ಎರಡು ಅಂಕಿಗಳಿರುತ್ತವೆ. ಮೊದಲ ಅಂಕಿ ಬಾಯಿಯ ಭಾಗವನ್ನು ಸೂಚಿಸುತ್ತದೆ: ರೋಗಿಯ ಮೇಲಿನ ಬಲಕ್ಕೆ 1, ಮೇಲಿನ ಎಡಕ್ಕೆ 2, ಕೆಳಗಿನ ಎಡಕ್ಕೆ 3, ಕೆಳಗಿನ ಬಲಕ್ಕೆ 4. ಎರಡನೆಯ ಅಂಕಿಯು ನಡುವಿನಿಂದ ಎಣಿಸಿದಾಗ ಅದು ಎಷ್ಟನೆಯ ಹಲ್ಲು ಎಂಬುದನ್ನು ಹೇಳುತ್ತದೆ. ಆದ್ದರಿಂದ 46 ಎಂದಿದ್ದರೆ ಕೆಳಗಿನ ಬಲಭಾಗದ ಆರನೆಯ ಹಲ್ಲು ಎಂದರ್ಥ. ನಲವತ್ತಾರನೆಯ ಹಲ್ಲು ಎಂದಲ್ಲ. ಹಾಲುಹಲ್ಲುಗಳಿಗೆ ಮೊದಲ ಅಂಕಿ 5ರಿಂದ 8ರವರೆಗೆ ಇರುತ್ತದೆ.

ಈ ಆರನೆಯ ಹಲ್ಲಿಗೆ ವಿಶೇಷ ಗಮನ ಅಗತ್ಯ. ಸುಮಾರು 6ನೆಯ ವಯಸ್ಸಿನಲ್ಲಿ, ಯಾವ ಹಾಲುಹಲ್ಲೂ ಬೀಳದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಇದು ಸದ್ದಿಲ್ಲದೆ ಮೂಡುತ್ತದೆ. ಇದೂ ಬಿದ್ದುಹೋಗುವ ಹಲ್ಲೇ ಎಂದು ಪೋಷಕರು ಭಾವಿಸುವುದರಿಂದ ಹುಳುಕು ಹಿಡಿದರೂ ಉಪೇಕ್ಷಿಸಲ್ಪಡುತ್ತದೆ. ವಾಸ್ತವದಲ್ಲಿ ಇದು ಶಾಶ್ವತ ಹಲ್ಲು. ಇದರ ಸ್ಥಾನದಲ್ಲಿ ಮತ್ತೊಂದು ಬರುವುದಿಲ್ಲ.

ಹುಳುಕಿಗೆ ಹುಳು ಕಾರಣವಲ್ಲ. ಹಲ್ಲಿನ ಮೇಲೆ ಕೂರುವ ಪಾಚಿಯಲ್ಲಿನ ಸೂಕ್ಷ್ಮಾಣುಗಳು ಸಿಹಿಯನ್ನು ಆಮ್ಲವಾಗಿಸುತ್ತವೆ; ಆ ಆಮ್ಲವು ಹಲ್ಲಿನ ಖನಿಜಾಂಶವನ್ನು ಕರಗಿಸುತ್ತದೆ. ಹೊಗೆ ಹಾಕಿ ಹುಳು ಬೀಳಿಸುತ್ತೇವೆ ಎನ್ನುವವರ ಬಳಿ ಹೋಗುವುದರಿಂದ ಕಾಲಹರಣವಾಗುವುದಷ್ಟೇ. ರೋಗವು ಎನಾಮಲ್ ಅಥವಾ ಡೆಂಟಿನ್‌ನಲ್ಲಿಯೇ ಇದ್ದರೆ ಕೊಳೆತ ಭಾಗವನ್ನು ತೆಗೆದು ಕುಳಿಯನ್ನು ತುಂಬುತ್ತಾರೆ. ಇದೇ ಫಿಲ್ಲಿಂಗ್, ಬಹುಪಾಲು ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಪಲ್ಪ್ ತಲುಪಿದರೆ ರಾತ್ರಿ ನಿದ್ದೆಗೆಡಿಸುವ ನೋವು ಬರುತ್ತದೆ. ಆಗ ಕೆಟ್ಟ ಮಜ್ಜೆಯನ್ನು ತೆಗೆದು, ಬೇರಿನ ನಾಳಗಳನ್ನು ಶುಚಿಗೊಳಿಸಿ ಮುಚ್ಚುವ ರೂಟ್ ಕೆನಾಲ್ ಚಿಕಿತ್ಸೆ ಬೇಕಾಗುತ್ತದೆ.

ಬಹಳ ಹಲ್ಲುಗಳು ಕೈತಪ್ಪುವುದು ಈ ಘಟ್ಟದಲ್ಲಿ. ಕೆಲವು ದಿನ ನೋವು ಸಹಿಸಿದ ಬಳಿಕ ಅದು ತಾನಾಗಿಯೇ ನಿಂತುಬಿಡಬಹುದು. ಅದು ಗುಣವಾದ ಲಕ್ಷಣವಲ್ಲ. ಪಲ್ಪ್ ಸತ್ತಿದೆ ಎಂಬುದರ ಸೂಚನೆಯಾಗಿರಬಹುದು. ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿದು, ತಿಂಗಳುಗಳ ನಂತರ ಕೀವು, ಊತ ಕಾಣಿಸಿಕೊಳ್ಳುತ್ತದೆ. ಗದ್ದದ ಕೆಳಗೆ ಊತ ಹಬ್ಬಿ ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಪ್ರಾಣಾಪಾಯವಿದೆ. ತಡಮಾಡದೆ 108ಕ್ಕೆ ಕರೆ ಮಾಡಬೇಕು. ರೂಟ್ ಕೆನಾಲ್‌ಗೆ ಎರಡು ಮೂರು ಭೇಟಿಗಳು ಬೇಕಾಗಬಹುದು. ಮೊದಲ ಭೇಟಿಗೇ ನೋವು ಇಳಿಯುವುದರಿಂದ ಕೂಲಿ ತಪ್ಪಿಸಿಕೊಂಡು ಮತ್ತೆ ಹೋಗುವವರು ಕಡಿಮೆ. ದವಡೆ ಹಲ್ಲಾದರೆ ನಂತರ ಸೀಳದಂತೆ ಕ್ಯಾಪ್ ಹಾಕಿಸಲು ಹೇಳುತ್ತಾರೆ; ಅದು ಅಲಂಕಾರಕ್ಕಲ್ಲ.

ಎಕ್ಸ್‌ಟ್ರ್ಯಾಕ್ಷನ್ ಎಂದರೆ ಹಲ್ಲು ಕೀಳುವುದು. ಮೇಲಿನ ಹಲ್ಲು ಕಿತ್ತರೆ ದೃಷ್ಟಿ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಸ್ಕೇಲಿಂಗ್ ಎಂದರೆ ಗಟ್ಟಿಗೊಂಡ ಪಾಚಿಯನ್ನು ತೆಗೆಯುವುದು. ಇದರಿಂದ ಹಲ್ಲು ಸಡಿಲವಾಗುವುದಿಲ್ಲ. ವಸಡು ರೋಗದಿಂದ ಮೊದಲೇ ಸಡಿಲವಾಗಿದ್ದ ಹಲ್ಲು ಪಾಚಿ ಹೋದ ಮೇಲೆ ಅನುಭವಕ್ಕೆ ಬರುತ್ತದೆ, ಅಷ್ಟೇ. ಕಳೆದುಹೋದ ಹಲ್ಲಿಗೆ ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವುದು ಬ್ರಿಡ್ಜ್. ತೆಗೆದು ಹಾಕಿಕೊಳ್ಳಬಹುದಾದ ಕೃತಕ ದಂತಪಂಕ್ತಿ ಡೆಂಚರ್. ತಂಬಾಕು, ಗುಟ್ಕಾ ಬಳಸುವವರ ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆ ಇದ್ದರೆ ಹಲ್ಲುನೋವಿಗೆ ಕಾಯದೆ ತೋರಿಸತಕ್ಕದ್ದು.

ಕೊನೆಯದಾಗಿ, ಪಂಚಾಯಿತಿಯ ಹೊಣೆಗೇ ಸೇರಿದ ಒಂದು ಪದ: ಫ್ಲೋರೋಸಿಸ್. ಮಕ್ಕಳ ಹಲ್ಲಿನ ಮೇಲಿನ ಸುಣ್ಣದಂತಹ ಬಿಳಿ ಪಟ್ಟಿಗಳು, ಕಂದು ಕಲೆಗಳು ಉಜ್ಜದಿರುವುದರಿಂದಲೇ ಬಂದವೆಂದು ತಿಳಿಯಬಾರದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮುಂತಾದ ಜಿಲ್ಲೆಗಳ ಕೆಲವೆಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿ.ಗ್ರಾಂ ಮೀರಬಾರದು, ಬೇರೆ ಜಲಮೂಲವಿಲ್ಲದಿದ್ದರೆ ಮಾತ್ರ 1.5 ಮಿ.ಗ್ರಾಂವರೆಗೆ ಒಪ್ಪಬಹುದು. ಟೂತ್‌ಪೇಸ್ಟಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಫ್ಲೋರೈಡ್ ಹುಳುಕನ್ನು ತಡೆಯುತ್ತದೆ. ಅದೇ ವಸ್ತು ನೀರಿನ ಮೂಲಕ ಅತಿಯಾಗಿ ದೇಹ ಸೇರಿದರೆ ವಸಡಿನೊಳಗೆ ರೂಪುಗೊಳ್ಳುತ್ತಿರುವ ಎನಾಮಲ್ಲನ್ನೇ ಕೆಡಿಸುತ್ತದೆ. ಶಾಶ್ವತ ಹಲ್ಲುಗಳ ಎನಾಮಲ್ ಬಹುಮಟ್ಟಿಗೆ 8 ವರ್ಷದೊಳಗೆ ರೂಪುಗೊಳ್ಳುವುದರಿಂದ, ಹತ್ತು ವರ್ಷದ ಮಗುವಿನ ಹಲ್ಲಿನ ಕಲೆಯು ಅದು ಶೈಶವದಲ್ಲಿ ಕುಡಿದ ನೀರಿನ ಗುರುತು. ಶಾಲೆಯೊಂದರಲ್ಲಿ ಅನೇಕ ಮಕ್ಕಳಿಗೆ ಇಂತಹ ಕಲೆಗಳಿದ್ದರೆ ಆ ಗ್ರಾಮದ ಜಲಮೂಲದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಶುದ್ಧ ಕುಡಿಯುವ ನೀರಿನ ಘಟಕವಿದ್ದಲ್ಲಿ ಅದು ಕೆಟ್ಟು ನಿಂತಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.