ಚೌಕಟ್ಟಿನ ಪೆಟ್ಟಿಗೆ

ಗೋಣಿಬೀಡಿನಂಥ ಮಲೆನಾಡ ಊರಲ್ಲಿ ಅಗಲ ಹಲಗೆಗಳನ್ನು ಮೊಳೆಯಿಂದ ಬಿಗಿದ ಪೆಟ್ಟಿಗೆಯು ಯಾಕೆ ಸೀಳುತ್ತದೆ? ಮರವು ಮಳೆಗಾಲದಲ್ಲಿ ತೇವ ಹೀರಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕಾದರೋ ಹೆಚ್ಚು ಬದಲಾಗದು. ಕುಗ್ಗುವ ಹಲಗೆಯನ್ನು ಮೊಳೆ ಬಿಡದಿದ್ದರೆ ಅದು ಸೀಳುವದು. ಆ ಸೀಳಿನಿಂದ ತೇವವೂ ಹುಳವೂ ಹೊಕ್ಕು ಮದುವೆಯ ಸೀರೆಯನ್ನೂ ಜಮೀನಿನ ಪತ್ರವನ್ನೂ ಕೆಡಿಸುವವು.

ಆದದರಿಂದ ಚೆನ್ನಾಗಿ ಒಣಗಿದ ಹಲಸಿನ ಕಿರಿದಾದ ಪಟ್ಟಿಗಳಿಂದ ಚೌಕಟ್ಟು ಮಾಡತಕ್ಕದ್ದು. ಒಂದರ ತುದಿಯಲ್ಲಿ ಕೆತ್ತಿದ ಕೂಸನ್ನು ಇನ್ನೊಂದರ ತೂತಿಗೆ ಸೇರಿಸಿ, ಅಂಟು ಹಾಕಿ, ಮರದ ಗೂಟ ಬಡಿಯಬೇಕು. ಅದಕ್ಕೆ ಮೊದಲೇ ಪಟ್ಟಿಗಳ ಒಳ ಅಂಚಿನಲ್ಲಿ ಅರ್ಧ ಅಂಗುಲ ಆಳದ ತೋಡು ತೆಗೆದು ತೆಳು ಹಲಗೆಯನ್ನು ಕೂರಿಸಿರಿ. 12 ಅಂಗುಲ ಅಗಲದ ಹಲಗೆಗೆ ಎರಡು ಪಕ್ಕದಲ್ಲಿಯೂ ಅರೆಕಾಲು ಅಂಗುಲ ಎಡೆಯಿರಲಿ. ಅಲುಗಾಡುತ್ತದೆಂದು ಹಲಗೆಗೆ ಅಂಟು ಹಾಕಲೇಕೂಡದು. ಎಣ್ಣೆಯನ್ನು ಅದರ ಅಂಚಿಗೂ ಮುಂಚೆಯೇ ಹಚ್ಚಿರಿ; ಇಲ್ಲವಾದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಎಣ್ಣೆ ಕಾಣದ ಗೆರೆಯೊಂದು ಹೊರಗೆ ತೋರುವದು.