ಶಾಲೆಯ ಜಾಲತಾಣಕ್ಕೆ ಹೆಸರು: ಆಯ್ಕೆ, ನೋಂದಣಿ, ರಕ್ಷಣೆ

ಪಾಠದ ಉದ್ದೇಶ: ಈ ಪಾಠವನ್ನು ಅಭ್ಯಸಿಸಿದ ಶಿಕ್ಷಕರು ಡೊಮೇನ್ ಹೆಸರಿನ ಅಂಗಗಳನ್ನು ಗುರುತಿಸಬಲ್ಲವರಾಗಬೇಕು, ಶಾಲೆಯ ಹೆಸರಿಗೆ ತಕ್ಕ ರೋಮನ್ ಹಾಗೂ ಕನ್ನಡ ಬರಹವನ್ನು ನಿರ್ಣಯಿಸಬಲ್ಲವರಾಗಬೇಕು, ನೋಂದಣಿಯನ್ನು ಸಂಸ್ಥೆಯ ಸ್ವತ್ತಾಗಿ ಕಾಪಾಡುವ ಕ್ರಮವನ್ನು ಅರಿತಿರಬೇಕು.

1. ಹೆಸರಿನ ರಚನೆ

ಅಂತರಜಾಲದಲ್ಲಿ ಗಣಕಗಳು ಪರಸ್ಪರ ಗುರುತಿಸುವುದು ಅಂಕಿಗಳ ವಿಳಾಸದಿಂದ. ಅಂಕಿಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟವಾದುದರಿಂದ ಅವಕ್ಕೆ ಹೆಸರನ್ನು ಜೋಡಿಸುವ ಪದ್ಧತಿ ಬೆಳೆಯಿತು. ಆರಂಭದಲ್ಲಿ ಹೆಸರುಗಳೆಲ್ಲ ಒಂದೇ ಪಟ್ಟಿಯಲ್ಲಿದ್ದವು. ಗಣಕಗಳು ಹೆಚ್ಚಿದಂತೆ ಆ ಪಟ್ಟಿಯ ನಿರ್ವಹಣೆ ದುಸ್ತರವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ಹೆಸರುಗಳನ್ನು ಶ್ರೇಣಿಗಳಾಗಿ ಹಂಚಿಡುವ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ನಡೆಯುತ್ತಿರುವುದು ಅದೇ.

ಅಂಚೆ ವಿಳಾಸದಲ್ಲಿ ಮನೆಯ ಹೆಸರು ಮೊದಲು, ರಾಜ್ಯದ ಹೆಸರು ಕೊನೆಯಲ್ಲಿ ಬರುವಂತೆ, ಇಲ್ಲಿಯೂ ವಿಶಾಲವಾದುದು ಬಲತುದಿಯಲ್ಲಿರುತ್ತದೆ. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ಇನ್ ಇಂತಹ ಬಾಲಗಳು. ಡಾಟ್ ಇನ್ ಭಾರತಕ್ಕೆ ಮೀಸಲಾದುದು. 2005ರಿಂದ ಇದರ ನೋಂದಣಿ ಎಲ್ಲರಿಗೂ ಮುಕ್ತವಾಗಿದ್ದು, ಭಾರತೀಯ ರಾಷ್ಟ್ರೀಯ ಅಂತರಜಾಲ ವಿನಿಮಯ ಕೇಂದ್ರವಾದ ನಿಕ್ಸಿ ಇದನ್ನು ನಿರ್ವಹಿಸುತ್ತದೆ. ಡಾಟ್ ಎಸಿ ಡಾಟ್ ಇನ್, ಡಾಟ್ ಎಜು ಡಾಟ್ ಇನ್ ಎಂಬವು ಶಿಕ್ಷಣ ಸಂಸ್ಥೆಗಳಿಗೆ ಮೀಸಲು. ಇವುಗಳ ನೋಂದಣಿ ಎರ್ನೆಟ್ ಇಂಡಿಯಾ ಸಂಸ್ಥೆಯ ಮೂಲಕ ನಡೆಯುತ್ತದೆ. ಅರ್ಹತೆಯ ದಾಖಲೆಗಳನ್ನು ಒಪ್ಪಿಸಬೇಕಾಗುತ್ತದೆ. ದಾಖಲೆ ಒದಗಿಸುವ ಶ್ರಮವಿದ್ದರೂ, ಕಂಡಕಂಡವರಿಗೆ ದೊರೆಯದ ಈ ಬಾಲವು ಶಾಲೆಯ ವಿಶ್ವಾಸಾರ್ಹತೆಯನ್ನು ಹೆಚ್ಚಿಸುತ್ತದೆ.

2. ಗಡಿನಾಡಿನ ಹೆಸರು, ರೋಮನ್ ಕಾಗುಣಿತ

ರೋಮನ್ ಹೆಸರಿನಲ್ಲಿ ಇಂಗ್ಲಿಷ್ ವರ್ಣಮಾಲೆಯ 26 ಅಕ್ಷರಗಳು, ಹತ್ತು ಅಂಕಿಗಳು ಮತ್ತು ಅಡ್ಡಗೆರೆಗೆ ಮಾತ್ರ ಅವಕಾಶ. ಅಡ್ಡಗೆರೆ ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಬರಕೂಡದು. ಎರಡು ಚುಕ್ಕಿಗಳ ನಡುವಿನ ಭಾಗ 63 ಅಕ್ಷರಗಳನ್ನು ಮೀರುವಂತಿಲ್ಲ. ನಿಯಮ ಇಷ್ಟೇ ಆದರೂ, ಕನ್ನಡ ಶಾಲೆಗೆ ನಿಜವಾದ ತೊಡಕು ಎದುರಾಗುವುದು ಕಾಗುಣಿತದಲ್ಲಿ.

ಕನ್ನಡದ ಹ್ರಸ್ವ-ದೀರ್ಘಗಳ ಭೇದ, ಲಕಾರ-ಳಕಾರಗಳ ಭೇದ ರೋಮನ್ ಲಿಪಿಯಲ್ಲಿ ಅಳಿಯುತ್ತವೆ. ಗಡಿಯಲ್ಲಿ ಇದರ ಜೊತೆಗೆ ಎರಡು ಭಾಷೆಗಳ ರೂಢಿಗಳೂ ಸೇರುತ್ತವೆ. ತಾಳವಾಡಿಯ ಮೊದಲ ಅಕ್ಷರವನ್ನು 'ಟಿ' ಒಂದರಿಂದಲೂ, 'ಟಿ-ಎಚ್' ಜೋಡಿಯಿಂದಲೂ ಬರೆಯುವುದುಂಟು. ಕನ್ನಡಿಗರ ಕಾಸರಗೋಡು ಇಂಗ್ಲಿಷ್ ಬರಹದಲ್ಲಿ ಕೊನೆಯ ಉಕಾರವನ್ನು ಕಳೆದುಕೊಳ್ಳುತ್ತದೆ. ಕೆಲವರು ನಡುವಿನ ಅಕಾರವನ್ನೂ ಬಿಡುತ್ತಾರೆ. ಸೊಲ್ಲಾಪುರಕ್ಕೆ ಹಳೆಯ ಇಂಗ್ಲಿಷ್ ಬರಹದಲ್ಲಿ 'ಎಚ್' ಇತ್ತು, ಇಂದಿನದರಲ್ಲಿ ಇಲ್ಲ. ರಾಯದುರ್ಗವು ತೆಲುಗಿನ ರೂಢಿಯಲ್ಲಿ ಮಕಾರಾಂತವಾಗುತ್ತದೆ.

ಇವುಗಳಲ್ಲಿ ಯಾವ ರೂಪವನ್ನು ಆರಿಸಬೇಕು? ಎರಡು ಹಿತಗಳನ್ನು ತೂಗಿ ನೋಡಬೇಕು. ಸರಕಾರಿ ದಾಖಲೆಯ ರೂಪವನ್ನು ಆರಿಸಿದರೆ ಇಲಾಖೆಯವರೂ ಅಪರಿಚಿತರೂ ಶಾಲೆಯನ್ನು ಸುಲಭವಾಗಿ ಹುಡುಕಬಲ್ಲರು. ಕನ್ನಡದ ಉಚ್ಚಾರಣೆಗೆ ಹತ್ತಿರವಾದ ರೂಪವನ್ನು ಆರಿಸಿದರೆ ಊರಿನ ಕನ್ನಡ ಹೆಸರು ಅಂತರಜಾಲದಲ್ಲಿಯೂ ಉಳಿಯುತ್ತದೆ. ಸಾಧ್ಯವಿದ್ದಲ್ಲಿ ಎರಡನ್ನೂ ನೋಂದಾಯಿಸಿ ಒಂದೇ ತಾಣಕ್ಕೆ ಜೋಡಿಸುವುದು ಉತ್ತಮ. ಒಂದಕ್ಕೆ ಮಾತ್ರ ಹಣವಿದ್ದರೆ ದಾಖಲೆಯ ರೂಪವನ್ನು ಹೆಸರಿಗೆ ಬಳಸಿ, ಕನ್ನಡ ರೂಪವನ್ನು ತಾಣದ ತಲೆಬರಹದಲ್ಲಿ ಕನ್ನಡ ಲಿಪಿಯಲ್ಲಿಯೇ ಮುದ್ರಿಸಬೇಕು.

ಶಾಲೆಯ ಸಂಕ್ಷಿಪ್ತ ಅಕ್ಷರಗಳನ್ನಷ್ಟೇ ಹೆಸರಾಗಿಸುವುದು ಒಳ್ಳೆಯದಲ್ಲ. ಅಂತಹ ಅಕ್ಷರಗುಚ್ಛ ನೂರಾರು ಶಾಲೆಗಳಿಗೆ ಸಮಾನ. ಊರಿನ ಹೆಸರು ಸೇರಿದಾಗಲೇ ಗುರುತು ಸ್ಪಷ್ಟವಾಗುತ್ತದೆ.

3. ಕನ್ನಡ ಲಿಪಿಯ ಹೆಸರು

ಡಾಟ್ ಭಾರತ ಎಂಬ ಬಾಲವು ಕನ್ನಡ ಲಿಪಿಯಲ್ಲಿಯೂ ಇದೆ. ಆದುದರಿಂದ ಹೆಸರನ್ನು ಪೂರ್ಣವಾಗಿ ಕನ್ನಡದಲ್ಲಿಯೇ ಬರೆಯಬಹುದು. ಗಣಕವು ಅದನ್ನು ಒಳಗೆ ರೋಮನ್ ಸಂಕೇತಮಾಲೆಯಾಗಿ ಪರಿವರ್ತಿಸಿಕೊಳ್ಳುತ್ತದೆ. ಓದುಗರು ಆ ಸಂಕೇತವನ್ನು ಕಂಡು ತಾಣ ಕೆಟ್ಟಿದೆಯೆಂದು ಭಾವಿಸಬೇಕಾಗಿಲ್ಲ. ಇಲ್ಲಿ ಒಂದು ಎಚ್ಚರ ಅಗತ್ಯ. ಕನ್ನಡ ಮತ್ತು ತೆಲುಗು ಲಿಪಿಗಳ ಹಲವು ಅಕ್ಷರಗಳು ಕಣ್ಣಿಗೆ ಒಂದೇ ಆಗಿ ಕಂಡರೂ ಗಣಕಕ್ಕೆ ಬೇರೆ ಬೇರೆ. ಅನುಸ್ವಾರಕ್ಕೂ ಕನ್ನಡದ ಸೊನ್ನೆಗೂ ಇದೇ ಮಾತು ಅನ್ವಯಿಸುತ್ತದೆ. ಬೆರಳಚ್ಚಿನಲ್ಲಿ ತಪ್ಪಿದರೆ ಹೆಸರೇ ಬೇರೆಯಾಗುತ್ತದೆ. ಕೆಲವು ಹಳೆಯ ಮಿಂಚಂಚೆ ತಂತ್ರಾಂಶಗಳು ಕನ್ನಡ ಹೆಸರನ್ನು ಸ್ವೀಕರಿಸದಿರುವುದರಿಂದ ರೋಮನ್ ಹೆಸರನ್ನೂ ಜೊತೆಗಿಟ್ಟುಕೊಳ್ಳುವುದು ಲೇಸು.

4. ನೋಂದಣಿಯ ಕ್ರಮ

ಡೊಮೇನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಕೈಗೆ ಬರುವುದು ಕ್ರಯಪತ್ರವಲ್ಲ, ಗೇಣಿಚೀಟಿ. ಸಾಮಾನ್ಯವಾಗಿ ಒಂದರಿಂದ ಹತ್ತು ವರ್ಷಗಳ ಅವಧಿಗೆ ಹಣ ಕಟ್ಟಿ, ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ಪಾಲಿಸಬೇಕಾದ ಕ್ರಮ ಹೀಗಿದೆ:

ಅ) ಬಯಸಿದ ಹೆಸರು ಲಭ್ಯವಿದೆಯೇ ಎಂದು ಅಧಿಕೃತ ನೋಂದಣಿ ಸಂಸ್ಥೆಯ ತಾಣದಲ್ಲಿ ಪರಿಶೀಲಿಸುವುದು.
ಆ) ಮೊದಲ ವರ್ಷದ ರಿಯಾಯಿತಿಗೆ ಮರುಳಾಗದೆ ಎರಡನೆಯ ವರ್ಷದ ನವೀಕರಣ ಶುಲ್ಕವನ್ನು ಕೇಳಿ ತಿಳಿಯುವುದು.
ಇ) ಹೆಸರಿನ ಹಕ್ಕುದಾರರ ಸ್ಥಾನದಲ್ಲಿ ಶಾಲೆಯ ಅಥವಾ ಆಡಳಿತ ಮಂಡಳಿಯ ಹೆಸರನ್ನೇ ಬರೆಯುವುದು. ತಾಣವನ್ನು ಕಟ್ಟಿಕೊಡುವ ಅಂಗಡಿಯವರ ಹೆಸರಾಗಲಿ, ಉತ್ಸಾಹಿ ಶಿಕ್ಷಕರೊಬ್ಬರ ಹೆಸರಾಗಲಿ ಅಲ್ಲಿರಕೂಡದು.
ಈ) ಸಂಪರ್ಕದ ಮಿಂಚಂಚೆಯು ಶಾಲೆಯದಾಗಿರಬೇಕು, ಆದರೆ ಅದೇ ಡೊಮೇನ್ ಹೆಸರಿನದಾಗಿರಬಾರದು. ಹೆಸರು ನಿಂತ ದಿನ ಆ ಮಿಂಚಂಚೆಯೂ ನಿಲ್ಲುವುದರಿಂದ ಎಚ್ಚರಿಕೆಯ ಪತ್ರಗಳು ಯಾರಿಗೂ ತಲುಪುವುದಿಲ್ಲ.
ಉ) ಡಾಟ್ ಕಾಮ್, ಡಾಟ್ ಆರ್ಗ್ ಮೊದಲಾದವುಗಳಲ್ಲಿ ದೃಢೀಕರಣದ ಮಿಂಚಂಚೆಗೆ 15 ದಿನಗಳೊಳಗೆ ಉತ್ತರಿಸುವುದು. ಉತ್ತರವಿಲ್ಲದಿದ್ದರೆ ಹೆಸರು ಸ್ಥಗಿತಗೊಳ್ಳಬಹುದು.

5. ಕೈತಪ್ಪಿದರೆ

ಅವಧಿ ಮೀರಿದ ಡಾಟ್ ಕಾಮ್ ಹೆಸರು ಅಳಿಸಲ್ಪಟ್ಟ ಬಳಿಕ 30 ದಿನಗಳ ವಿಮೋಚನಾ ಅವಧಿಯಲ್ಲಿ ಅದನ್ನು ಮರಳಿ ಪಡೆಯಬಹುದು. ಆದರೆ ಶುಲ್ಕ ಬಹಳ ಹೆಚ್ಚು. ಅನಂತರ ಐದು ದಿನ ಕಳೆದರೆ ಹೆಸರು ಯಾರ ಪಾಲಿಗಾದರೂ ಸೇರಬಹುದು. ಬಿಟ್ಟ ಹೆಸರುಗಳನ್ನು ಕಾದು ಹಿಡಿಯುವ ವ್ಯಾಪಾರಿಗಳಿದ್ದಾರೆ. ಶಾಲೆಯ ಹೆಸರಿನ ಹಿಂದೆ ಜೂಜಿನ ಜಾಹೀರಾತು ಬಂದು ನಿಂತರೆ, ಮಗುವನ್ನು ಸೇರಿಸಬೇಕೆಂದು ಹುಡುಕುವ ತಾಯಿ ತಂದೆಯರು ಮೊದಲು ಕಾಣುವುದು ಅದನ್ನೇ. ಮಕ್ಕಳ ಸಂಖ್ಯೆಯ ಮೇಲೆಯೇ ಉಳಿವು ನಿಂತಿರುವ ಕನ್ನಡ ತರಗತಿಗೆ ಇದು ಸಣ್ಣ ನಷ್ಟವಲ್ಲ.

ಆದಕಾರಣ ಹೆಸರು, ನೋಂದಣಿ ಸಂಸ್ಥೆ, ನವೀಕರಣದ ದಿನಾಂಕ ಇವುಗಳನ್ನು ಶಾಲೆಯ ದಾಸ್ತಾನು ಪುಸ್ತಕದಲ್ಲಿ ಬರೆದಿಡಬೇಕು. ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಪಾಟಿನಲ್ಲಿಡಬೇಕು. ಮುಖ್ಯೋಪಾಧ್ಯಾಯರು ವರ್ಗವಾದಾಗ ಬೀಗದ ಕೈ, ಮೊಹರುಗಳೊಡನೆ ಇದೂ ಪ್ರಭಾರ ಪಟ್ಟಿಯಲ್ಲಿ ಸೇರಿ ಹಸ್ತಾಂತರವಾಗಬೇಕು. ಹೊಸಬರು ಗುಪ್ತಪದವನ್ನು ಕೂಡಲೇ ಬದಲಿಸಬೇಕು.

ತರಗತಿ ಚಟುವಟಿಕೆ (8ರಿಂದ 10ನೆಯ ತರಗತಿ): ವಿದ್ಯಾರ್ಥಿಗಳು ತಮ್ಮ ಊರಿನ ಹೆಸರನ್ನು ರೋಮನ್ ಲಿಪಿಯಲ್ಲಿ ಬೇರೆ ಬೇರೆಯಾಗಿ ಬರೆದ ಬಗೆಗಳನ್ನು ಬಸ್ಸಿನ ಫಲಕ, ಅಂಗಡಿಯ ಫಲಕ, ಪಡಿತರ ಚೀಟಿಗಳಿಂದ ಸಂಗ್ರಹಿಸಲಿ. ಒಬ್ಬರು ಬಾಯಲ್ಲಿ ಹೇಳಿದ ಹೆಸರನ್ನು ಇನ್ನೊಬ್ಬರು ನೋಡದೆ ಬರೆಯಲಿ. ಹೆಚ್ಚಿನವರು ಸರಿಯಾಗಿ ಬರೆದ ರೂಪ ಯಾವುದು, ಏಕೆ ಎಂಬುದನ್ನು ಚರ್ಚಿಸಲಿ.

ಅಭ್ಯಾಸ ಪ್ರಶ್ನೆಗಳು
1. ಡೊಮೇನ್ ಹೆಸರನ್ನು ಗೇಣಿಗೆ ಹೋಲಿಸುವುದೇಕೆ?
2. ಸಂಪರ್ಕದ ಮಿಂಚಂಚೆ ಅದೇ ಹೆಸರಿನದಾಗಿದ್ದರೆ ಆಗುವ ತೊಂದರೆ ಏನು?
3. ನಿಮ್ಮ ಶಾಲೆಗೆ ಎರಡು ಹೆಸರುಗಳನ್ನು ಸೂಚಿಸಿ, ಒಂದರ ಆಯ್ಕೆಯನ್ನು ಕಾರಣಸಹಿತ ಸಮರ್ಥಿಸಿರಿ.