ಸಾಣೇಹಳ್ಳಿಯ ನಾಟಕಕ್ಕೆ ಕಡೂರು ಕಡೆಯಿಂದ ಹೋಗುವವರಿಗೆ

ಒಳ್ಳೆಯ ನಾಟಕ ನೋಡಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತುವುದು ಬಯಲುಸೀಮೆಯವರ ವಾಡಿಕೆ. ನವೆಂಬರ್ ಮೊದಲ ವಾರದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಆಗ ಬೆಂಗಳೂರಿನ ರಂಗಾಸಕ್ತರೇ ಕಡೂರು, ಬೀರೂರು ದಾಟಿ ಸಾಣೇಹಳ್ಳಿಯ ದಾರಿ ಹಿಡಿಯುತ್ತಾರೆ.

ಸಾಣೇಹಳ್ಳಿ ಇರುವುದು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿನ ನೆರೆಯಲ್ಲಿ. ಸಿರಿಗೆರೆಯ ತರಳಬಾಳು ಮಠದ ಶಾಖಾಮಠ ಇಲ್ಲಿದೆ. ಮಠಕ್ಕೂ ಬಣ್ಣಕ್ಕೂ ಎತ್ತಣ ಸಂಬಂಧ ಎಂದು ಹುಬ್ಬೇರಿಸುವವರು ಸಿರಿಗೆರೆಯ ಹಿಂದಿನ ಗುರು ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರನ್ನು ನೆನೆಯಬೇಕು. ಅವರು ಸ್ವತಃ ನಾಟಕ ಬರೆದರು, ತರಳಬಾಳು ಕಲಾಸಂಘ ಕಟ್ಟಿ ಊರೂರಿಗೆ ಕಳಿಸಿದರು. ಅವರ ಹೆಸರಿನಲ್ಲೇ ಶಾಖಾಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1987ರಲ್ಲಿ ಸಾಣೇಹಳ್ಳಿಯಲ್ಲಿ ಶ್ರೀ ಶಿವಕುಮಾರ ಕಲಾಸಂಘ ತೆರೆದರು. 1997ರಲ್ಲಿ ‘ಶಿವಸಂಚಾರ’ ರೆಪರ್ಟರಿ ಹುಟ್ಟಿದಾಗ ರಂಗನಿರ್ದೇಶಕ ಸಿ.ಜಿ. ಕೃಷ್ಣಸ್ವಾಮಿ ಜೊತೆಗಿದ್ದರು. ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು, ಸೆಟ್ಟು, ದೀಪ, ವೇಷಭೂಷಣದ ಸಮೇತ ತಂಡ ತಿಂಗಳುಗಟ್ಟಲೆ ನಾಡು ಸುತ್ತುತ್ತದೆ. 2008ರಿಂದ ರಂಗಪ್ರಯೋಗ ಶಾಲೆಯೂ ನಡೆಯುತ್ತಿದೆ.

ನವೆಂಬರಿನ ರಾಷ್ಟ್ರೀಯ ನಾಟಕೋತ್ಸವದಲ್ಲಿ ಶಿವಸಂಚಾರದ ಹೊಸ ನಾಟಕಗಳ ಜೊತೆಗೆ ಹೊರಗಿನ ತಂಡಗಳೂ ಬರುತ್ತವೆ. ಬೆಳಿಗ್ಗೆ ಚಿಂತನ, ಸಂಜೆ ವಚನ ಗಾಯನ ಮತ್ತು ಭಾಷಣ, ಆಮೇಲೆ ನಾಟಕ. ಭಾಷಣ ಒಮ್ಮೊಮ್ಮೆ ಉದ್ದವಾಗುತ್ತದೆ. ನಾಟಕವಷ್ಟೇ ಸಾಕೆಂದು ತಡವಾಗಿ ಬಂದವರಿಗೆ ಜಾಗ ಸಿಗುವುದು ಹಿಂದೆಯೇ. ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ ಪ್ರೇಕ್ಷಕರು ಕೂರುವುದು ಅರ್ಧಚಂದ್ರಾಕಾರದ ಮೆಟ್ಟಿಲುಗಳ ಮೇಲೆ. ಹತ್ತಿರದ ಹಳ್ಳಿಗಳವರು ಮಕ್ಕಳುಮರಿ ಸಮೇತ ಬಂದು, ತಲೆಗೆ ಟವಲು ಬಿಗಿದು ಜಾಗ ಹಿಡಿದಿರುತ್ತಾರೆ. ಎಸಿ ಸಭಾಂಗಣದ ಪ್ರೇಕ್ಷಕರು ಶಿಷ್ಟಾಚಾರಕ್ಕೆ ನಗುವ ಕಡೆ ಇವರು ನಗುವುದಿಲ್ಲ. ನಗು ಬಂದರೆ ತಡೆಯುವುದೂ ಇಲ್ಲ. ನಟರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ರಾತ್ರಿ ಏರಿದಂತೆ ಮೆಟ್ಟಿಲು ತಣ್ಣಗಾಗುತ್ತದೆ. ಶಾಲು, ಕೂರಲೊಂದು ಜಮಖಾನ, ಟಾರ್ಚು ಇದ್ದರೆ ಒಳ್ಳೆಯದು. ಉಳಿಯುವ ವಿಚಾರವನ್ನು ಮಠದ ಕಚೇರಿಯಲ್ಲಿ ಮೊದಲೇ ಮಾತಾಡಿಕೊಳ್ಳುವುದು ಲೇಸು. ದಿನಾಂಕಗಳು ವರ್ಷದಿಂದ ವರ್ಷಕ್ಕೆ ತುಸು ಹಿಂದೆಮುಂದೆ ಆಗುವುದರಿಂದ ಅಕ್ಟೋಬರಿನಲ್ಲಿ ಪತ್ರಿಕೆಗಳ ಮೇಲೆ ಕಣ್ಣಿಟ್ಟಿರಬೇಕು.

ರೈಲಿನಲ್ಲಿ ಬರುವವರು ಒಂದು ವಿಷಯ ಮರೆಯಬಾರದು. ಬೀರೂರು ಜಂಕ್ಷನ್ನಿನಲ್ಲಿ ಹಳಿ ಎರಡಾಗುತ್ತದೆ: ಶಿವಮೊಗ್ಗದ ಗಾಡಿ ತರೀಕೆರೆ ಮೇಲೆ ಹೋಗುತ್ತದೆ, ದಾವಣಗೆರೆ–ಹುಬ್ಬಳ್ಳಿಯ ಗಾಡಿ ಅಜ್ಜಂಪುರದ ಮೇಲೆ. ನಾಟಕಕ್ಕೆ ಬೇಕಾದದ್ದು ಎರಡನೆಯದು. ಆದರೆ ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳೂ ಅಜ್ಜಂಪುರದಲ್ಲಿ ನಿಲ್ಲುವುದಿಲ್ಲ. ಕಡೂರು ಇಲ್ಲವೆ ಬೀರೂರಿನಲ್ಲೇ ಇಳಿದು ರಸ್ತೆ ಹಿಡಿದರೆ ತಲೆನೋವಿಲ್ಲ. ನಾಟಕ ಮುಗಿದ ಮೇಲೆ ಹಳ್ಳಿ ರಸ್ತೆಯಲ್ಲಿ ಬಸ್ಸು ನೆಚ್ಚಿಕೊಳ್ಳುವಂತಿಲ್ಲ. ಸ್ವಂತ ವಾಹನ ಇಲ್ಲದವರು ವಾಪಸಿಗೂ ಸೇರಿಸಿಯೇ ಬಾಡಿಗೆ ಕಾರು ಮಾತಾಡಿಕೊಳ್ಳಬೇಕು.

ಹಗಲು ಖಾಲಿಯಿರುತ್ತದಲ್ಲ, ಅದಕ್ಕೆ ಅಮೃತಾಪುರವಿದೆ. ತರೀಕೆರೆಯಿಂದ ಸುಮಾರು 10 ಕಿ.ಮೀ. ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಾಲಯ. ಇಲ್ಲಿನ ಶಾಸನದ ಕವಿ ಜನ್ನ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ರಂಗಪ್ರಿಯರು ಹೆಚ್ಚು ಹೊತ್ತು ನಿಲ್ಲಬೇಕಾದ್ದು ಮಂಟಪದ ಹೊರಸುತ್ತಿನ ಗಿಡ್ಡ ಗೋಡೆಯ ಎದುರು. ಅಲ್ಲಿ 140 ಫಲಕಗಳಲ್ಲಿ ಕಥೆ ದೃಶ್ಯ ದೃಶ್ಯವಾಗಿ ಸಾಗುತ್ತದೆ. ದಕ್ಷಿಣದ ಕಡೆ ಪೂರ್ತಿ ರಾಮಾಯಣ, 70 ಫಲಕ. ಅದನ್ನು ಪ್ರದಕ್ಷಿಣೆಯ ದಿಕ್ಕಿನಲ್ಲಿ ನೋಡುತ್ತ ಹೋದರೆ ಕಥೆ ಹಿಂದುಮುಂದಾಗುತ್ತದೆ, ಅಪ್ರದಕ್ಷಿಣವಾಗಿ ನಡೆಯಬೇಕು. ಉತ್ತರದ ಕಡೆ ಕೃಷ್ಣಕಥೆಯ 25, ಮಹಾಭಾರತದ 45. ಅಲ್ಲಿ ಎಂದಿನಂತೆ ಪ್ರದಕ್ಷಿಣೆ. ಎಲ್ಲವನ್ನೂ ಒಂದೇ ಉಸಿರಿಗೆ ಮುಗಿಸುವ ಬದಲು ಒಂದು ಬದಿಯನ್ನೇ ಫಲಕ ಬಿಡದೆ ನೋಡುವುದು ಮೇಲು. ಒಳಗೆ ತಿರುಗಣಿಯಲ್ಲಿ ಕಡೆದ ಕಂಬಗಳ ಹೊಳಪನ್ನೂ ನೋಡಿ ಹೊರಡಬಹುದು.

ನವೆಂಬರಿಗೆ ಬಿಡುವಿಲ್ಲದವರಿಗೂ ಈ ಸೀಮೆ ಬರಿಗೈಯಲ್ಲಿ ಕಳಿಸುವುದಿಲ್ಲ. ದಸರೆಯ ಹೊತ್ತಿಗೆ ಬೀರೂರಿನ ಮಹಾನವಮಿ ಬಯಲಿನಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನಡೆಯುತ್ತದೆ. ಗೊರವಯ್ಯ ನುಡಿಯುವ ಒಂದೆರಡು ಸಾಲಿಗಾಗಿ ಜನ ಮುಂಜಾನೆಯೇ ಸೇರಿರುತ್ತಾರೆ. ನುಡಿ ಬಿದ್ದ ಮರುಗಳಿಗೆಯಲ್ಲೇ ಅದು ಮಳೆಗೋ, ಬೆಳೆಗೋ, ಸರ್ಕಾರಕ್ಕೋ ಎಂಬ ವಾದ ಶುರು. ವೀರಭದ್ರನ ಉತ್ಸವಗಳಲ್ಲಿ ವೀರಗಾಸೆಯವರು ಸಿಗುತ್ತಾರೆ. ಕುಣಿತದ ನಡುವೆ ಒಬ್ಬರು ಮುಂದೆ ಬಂದು ಏರುದನಿಯಲ್ಲಿ ದಕ್ಷಯಜ್ಞದ ಒಡಪು ಹೇಳುವುದನ್ನು ತಪ್ಪಿಸಿಕೊಳ್ಳಬಾರದು. ಕರಡೆ, ಚಮಾಳದ ಸದ್ದಿಗೆ ಮಾರುಹೋದವರು ಮಾತನ್ನೇ ಕೇಳಿಸಿಕೊಳ್ಳದೆ ಫೋನಿನಲ್ಲಿ ವಿಡಿಯೊ ಮಾಡುತ್ತ ನಿಲ್ಲುವುದುಂಟು. ಫೋಟೊಕ್ಕೆ ಮೊದಲು ಒಂದು ಮಾತು ಕೇಳುವುದು ಮರ್ಯಾದೆ.

ಸೂರಿನಡಿಯ, ಕುರ್ಚಿಯಿರುವ ರಂಗಮಂದಿರವೇ ಬೇಕೆನ್ನುವವರಿಗೆ ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರವಿದೆ. ಕಡೂರಿನಿಂದ ಸುಮಾರು 40 ಕಿ.ಮೀ. ಬಸ್ಸು ಧಾರಾಳ, 2013ರಿಂದ ರೈಲೂ ಇದೆ. ಆದರೆ ಅಲ್ಲಿ ಕಾರ್ಯಕ್ರಮ ಯಾವಾಗ ಎಂಬುದನ್ನು ವಿಚಾರಿಸಿಕೊಂಡೇ ಹೊರಡಬೇಕು. ಶಿವಸಂಚಾರದ ತಂಡವಂತೂ ನವೆಂಬರ್ ಕಳೆದ ಮೇಲೆ ತಾನೇ ಊರೂರು ತಿರುಗುತ್ತಿರುತ್ತದೆ. ಸಾಣೇಹಳ್ಳಿಯಲ್ಲಿ ತಪ್ಪಿದ ನಾಟಕ ಡಿಸೆಂಬರಿನಲ್ಲೋ ಜನವರಿಯಲ್ಲೋ ತಮ್ಮ ತಾಲ್ಲೂಕಿಗೇ ಬಂದೀತೇ ಎಂದು ಕಲಾಸಂಘದವರನ್ನು ಕೇಳಿದರೆ ತಿರುಗಾಟದ ಪಟ್ಟಿ ಸಿಗುತ್ತದೆ.